ಅಡುಗೆಮನೆಯ ಹುಡುಗಿಗೆ ರಾತ್ರಿಶಾಲೆ ಕಟ್ಟಿದವರು ಯಾರು?

ಮುಂಬಯಿ ಮಹಾನಗರ ಪಾಲಿಕೆಯ ಶಾಲೆಗಳು ಬೇಸಿಗೆ ರಜೆ ಮುಗಿಸಿ ಜೂನ್ ಮಧ್ಯಭಾಗದಲ್ಲಿ ತೆರೆಯುತ್ತವೆ. ಮೊದಲ ಕೆಲವು ದಿನ ತರಗತಿ ಪೂರ್ತಿ ತುಂಬುವುದಿಲ್ಲ. ಊರಿಂದ ಇನ್ನೂ ಬಾರದವರು ಕೆಲವರು, ಮಳೆಗಾಲದ ಜ್ವರ ಹಿಡಿದು ಮಲಗಿದವರು ಕೆಲವರು. ಆರನೇ, ಏಳನೇ ಇಯತ್ತೆಯ ಕೆಲವು ಹೆಣ್ಣುಮಕ್ಕಳ ಹೆಸರಿನ ಮುಂದೆ ಬೀಳುವ ಗೈರಿಗೆ ಮಾತ್ರ ಬೇರೆಯೇ ಕಾರಣ. ಹೆಸರು ಕರೆದಾಗ ಪಕ್ಕದಲ್ಲಿ ಕೂತವಳು ಎದ್ದು ಹೇಳುತ್ತಾಳೆ: "ಟೀಚರ್, ಆಕಿ ಎರಡು ಮನಿ ಹಿಡಿದಾಳ್ರಿ."

ನಾನು ಪೂರ್ವ ಉಪನಗರದ ಪಾಲಿಕೆ ಕನ್ನಡ ಶಾಲೆಯೊಂದರಲ್ಲಿ ಪಾಠ ಹೇಳಿ ನಿವೃತ್ತಳಾದವಳು. ಪಾಲಿಕೆ ಎಂಟು ಭಾಷೆಗಳಲ್ಲಿ ಶಾಲೆ ನಡೆಸುತ್ತದೆ, ಕನ್ನಡ ಅವುಗಳಲ್ಲೊಂದು. ನಮ್ಮ ಶಾಲೆಗೆ ಬರುತ್ತಿದ್ದವರು ಹೆಚ್ಚಾಗಿ ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯಿಂದ ಬಂದವರ ಮಕ್ಕಳು. ಅಪ್ಪ ಬೆಳಗ್ಗೆ ನಾಕಾದಲ್ಲಿ ನಿಂತು ಕೂಲಿ ಹುಡುಕುವವನು ಅಥವಾ ಕಟ್ಟಡದ ಕೆಲಸದವನು. ಅಮ್ಮ ಎದುರಿನ ಸೊಸೈಟಿಗಳಲ್ಲಿ ಪಾತ್ರೆ, ಕಸ, ಬಟ್ಟೆ ಮಾಡುವವಳು. ಆ ಮಕ್ಕಳು ಮನೆಗೆಲಸಕ್ಕೆ ಬೀಳುವುದು ಹೇಗೆಂದು ನಾನು ವರ್ಷವರ್ಷವೂ ಕಂಡಿದ್ದೇನೆ. ಅದಕ್ಕೆ ದಲ್ಲಾಳಿ ಬೇಕಿಲ್ಲ, ಯಾರ ದುರುದ್ದೇಶವೂ ಬೇಕಿಲ್ಲ.

ಮೇ ತಿಂಗಳಲ್ಲಿ ಶಾಲೆ ಇರುವುದಿಲ್ಲ. ಬಾಗಿಲು ಗಟ್ಟಿಯಿಲ್ಲದ ಖೋಲಿಯಲ್ಲಿ ಬೆಳೆಯುತ್ತಿರುವ ಹುಡುಗಿಯನ್ನು ಒಬ್ಬಳೇ ಬಿಟ್ಟು ಹೋಗಲು ತಾಯಿಗೆ ಧೈರ್ಯ ಸಾಲದು. ಜೊತೆಗೆ ಕರೆದುಕೊಂಡು ಹೋಗುತ್ತಾಳೆ. ಮೊದಲ ದಿನ ಹುಡುಗಿ ಹೊಸ್ತಿಲ ಬಳಿ ಕೂರುತ್ತಾಳೆ. ನಾಲ್ಕು ದಿನ ಕಳೆದ ಮೇಲೆ ತೊಳೆದ ಪಾತ್ರೆ ಒರೆಸಿಡುತ್ತಾಳೆ. ಮಳೆ ಹಿಡಿಯಿತೆಂದರೆ ತಾಯಿಗೆ ಮಲೇರಿಯಾನೋ ಡೆಂಗ್ಯೂನೋ ಬಂದು ಹದಿನೈದು ದಿನ ಏಳಲಾಗುವುದಿಲ್ಲ. ರಜೆ ಮಾಡಿದರೆ ಸಂಬಳ ಕಡಿತ, ಒಂದು ವಾರ ದಾಟಿದರೆ ಮನೆಯೇ ಕೈತಪ್ಪುತ್ತದೆ. ಮಗಳು ಬದಲಿಯಾಗಿ ಹೋಗುತ್ತಾಳೆ. ತಾಯಿ ಎದ್ದು ಬಂದಾಗ ಮನೆಯಾಕೆ ಹೇಳುತ್ತಾಳೆ, "ಮಗಳೇ ಚೆನ್ನಾಗಿ ಮಾಡುತ್ತಾಳಲ್ಲ, ನೀನು ಇನ್ನೊಂದು ಮನೆ ನೋಡಿಕೋ." ತಾಯಿಗೂ ಅದು ಅನುಕೂಲವೆನಿಸುತ್ತದೆ. ಅಷ್ಟರಲ್ಲಿ ನನ್ನ ಹಾಜರಿ ಪುಸ್ತಕದಲ್ಲಿ ಸಾಲು ಸಾಲಾಗಿ ಗೈರು. ದೀಪಾವಳಿಯ ಹೊತ್ತಿಗೆ ಹುಡುಗಿ ಒಂದೆರಡು ದಿನ ಬರುತ್ತಾಳೆ, ಮೊದಲ ಪೀರಿಯಡ್ಡಿನಲ್ಲೇ ತೂಕಡಿಸುತ್ತಾಳೆ. ಬೆರಳ ತುದಿ ಸೋಪಿನ ನೀರಿಗೆ ಬೆಳ್ಳಗಾಗಿ ಸಿಪ್ಪೆ ಎದ್ದಿರುತ್ತದೆ, ಪೆನ್ಸಿಲ್ ಹಿಡಿದರೆ ಉರಿ. ಎಂಟನೇ ಇಯತ್ತೆಗೆ ಅವಳ ಹೆಸರು ಇರುವುದಿಲ್ಲ.

ಇದು ದಿನವೂ ತಾಯಿಯ ಬಳಿ ಮಲಗಲು ಮರಳುವ ಹುಡುಗಿಯ ಕಥೆ. ಊರಿನಿಂದ ತಂದು ಇಟ್ಟುಕೊಂಡ ಹುಡುಗಿಯದು ಇನ್ನೂ ಬೇರೆ. ಅದು ನಮ್ಮ ನಡುವೆಯೇ, ಕನ್ನಡ ತುಳು ಮಾತಾಡುವ ಮಧ್ಯಮವರ್ಗದ ಮನೆಗಳಲ್ಲೇ ಇದೆ. ಕೊಂಕಣ ರೈಲ್ವೆ 1998ರಲ್ಲಿ ಪೂರ್ತಿ ತೆರೆದುಕೊಂಡ ಮೇಲೆ ಕರಾವಳಿಯ ಊರಿಗೂ ಮುಂಬಯಿಗೂ ಒಂದು ರಾತ್ರಿಯ ದಾರಿ. ಸೊಸೆಗೆ ಹೆರಿಗೆಯಾಗಿದೆ, ಇಬ್ಬರೂ ನೌಕರಿಗೆ ಹೋಗುವವರು, ಮಗುವನ್ನು ನೋಡಿಕೊಳ್ಳಲು "ಊರಿನ ಹುಡುಗಿ" ಒಬ್ಬಳು ಬೇಕು ಎಂಬ ಮಾತು ಮದುವೆಮನೆಯಲ್ಲಿ, ಉತ್ತರಕ್ರಿಯೆಯ ಬೊಜ್ಜದೂಟದಲ್ಲಿ ಎಷ್ಟು ಸಲ ಕಿವಿಗೆ ಬಿದ್ದಿಲ್ಲ! ಜೊತೆಗೇ ಬರುವ ಭರವಸೆ: "ನಮ್ಮ ಮನೆಮಗಳ ಹಾಗೆ ನೋಡಿಕೊಳ್ಳುತ್ತೇವೆ."

ನನ್ನ ಕಟ್ಟಡದಲ್ಲೇ ಅಂಥ ಹುಡುಗಿಯೊಬ್ಬಳಿದ್ದಳು. ನಿವೃತ್ತಿಯಾದ ಮೇಲೆ ನಾನು ಸಂಜೆ ಹೊತ್ತು ಸುತ್ತಲಿನ ಮಕ್ಕಳಿಗೆ ಪಾಠ ಹೇಳುತ್ತೇನೆ. ಆ ಮನೆಯ ಹುಡುಗ ಬರುತ್ತಿದ್ದ, ಅವನ ಚೀಲ ಹೊತ್ತು ಅವಳೂ ಬರುತ್ತಿದ್ದಳು, ಪಾಠ ಮುಗಿಯುವವರೆಗೆ ಬಾಗಿಲ ಬಳಿ ಚಪ್ಪಲಿಗಳ ಪಕ್ಕ ಕೂರುತ್ತಿದ್ದಳು. ಒಳಗೆ ಬಾ ಎಂದರೂ ಬರುತ್ತಿರಲಿಲ್ಲ. ಒಂದು ದಿನ ಹುಡುಗನಿಗೆ ಏಳರ ಮಗ್ಗಿ ಕೇಳುತ್ತಿದ್ದೆ. ಏಳೆಂಟ್ಲೆ ಎಷ್ಟು ಎಂದಾಗ ಅವನು ಸೂರು ನೋಡಿದ. ಬಾಗಿಲ ಕಡೆಯಿಂದ ಸಣ್ಣ ದನಿಯಲ್ಲಿ ಉತ್ತರ ಬಂತು: "ಐವತ್ತಾರು."

ಕರೆದು ಮಾತಾಡಿಸಿದೆ. ಕುಂದಾಪುರ ಕಡೆಯವಳು, ನನ್ನ ಊರಿನ ಸುತ್ತಿನವಳೇ. ಊರಲ್ಲಿ ಆರನೇ ತರಗತಿ ಮುಗಿಸಿದ್ದಳು. ಸಂಬಳ ಎಷ್ಟು ಎಂದು ಕೇಳಿದೆ. ಗೊತ್ತಿಲ್ಲ, ಅಪ್ಪನಿಗೆ ಕಳಿಸ್ತಾರಂತೆ ಎಂದಳು. ಮನೆಗೆ ಫೋನ್ ಮಾಡುತ್ತೀಯಾ ಎಂದೆ. ನಂಬರು ಅಕ್ಕನ ಮೊಬೈಲಿನಲ್ಲಿದೆ, ಅವರು ಹಚ್ಚಿಕೊಟ್ಟಾಗ ಮಾತಾಡುತ್ತೇನೆ ಎಂದಳು. ಅಕ್ಕ ಎಂದರೆ ಮನೆಯೊಡತಿ. ಎಲ್ಲಿ ಮಲಗುತ್ತಿ ಎಂದೆ. ಫ್ರಿಜ್ಜಿಗೂ ವಾಷಿಂಗ್ ಮಶೀನಿಗೂ ನಡುವಿನ ಜಾಗದಲ್ಲಿ ಚಾಪೆ ಬಿಡಿಸುತ್ತೇನೆ, ಬೆಳಗ್ಗೆ ನೀರು ಬರುವ ಮೊದಲು ಎದ್ದು ಸುತ್ತಿಡಬೇಕು, ಇಲ್ಲದಿದ್ದರೆ ನೆನೆಯುತ್ತದೆ ಎಂದಳು. ದೂರಿನ ಛಾಯೆಯೂ ಆ ಮಾತಿನಲ್ಲಿರಲಿಲ್ಲ. ಆ ಮನೆಯವರು ಕೆಟ್ಟವರೂ ಅಲ್ಲ. ಹೊಡೆದವರಲ್ಲ, ಹೊಟ್ಟೆಗೆ ಕಡಿಮೆ ಮಾಡಿದವರಲ್ಲ, ಹಬ್ಬಕ್ಕೆ ಬಟ್ಟೆ ಕೊಡಿಸುತ್ತಿದ್ದರು.

ಎರಡನೇ ದೀಪಾವಳಿಗೆ ಊರಿಗೆ ಹೋದವಳು ಮರಳಿ ಬರಲಿಲ್ಲ. ಅವಳ ಬದಲು ಅವಳ ತಂಗಿ ಬಂದಳು. ತಂಗಿಗೆ ಹನ್ನೊಂದು. ನಾನೂ ಕಟ್ಟಡದ ಇನ್ನಿಬ್ಬರು ಹೆಂಗಸರೂ ಆ ಮನೆಯ ಬೆಲ್ ಒತ್ತಿ ಒಳಗೆ ಕೂತು ಮಾತಾಡಿದೆವು. ಮಗುವನ್ನು ಶಾಲೆಗೆ ಸೇರಿಸಬೇಕು, ಕೆಲಸದಿಂದ ಬಿಡಿಸಬೇಕು, ಇಲ್ಲವಾದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡುತ್ತೇವೆ ಎಂದೆವು. ಮಾತು ಬೆಳೆಯಿತು, ಕಹಿಯೂ ಆಯಿತು. ಕಡೆಗೆ ಅವಳ ತಾಯಿಯನ್ನೇ ಕರೆಸಿದರು. ಹುಡುಗಿ ತಾಯಿಯೊಡನೆ ಊರಿಗೆ ಹೋಗಿ ಬಿಟ್ಟಲ್ಲಿಂದ ಶಾಲೆ ಮುಂದುವರಿಸಿದಳು. ಆ ಮನೆಯವರು ಇವತ್ತಿಗೂ ಲಿಫ್ಟಿನಲ್ಲಿ ಸಿಕ್ಕರೆ ನನ್ನೊಡನೆ ಮಾತಾಡುವುದಿಲ್ಲ.

ಮನೆಮಗಳ ಹಾಗೆ ಎನ್ನುವವರನ್ನು ನಾನು ಕೆಲವು ಸಾದಾ ಪ್ರಶ್ನೆ ಕೇಳುತ್ತೇನೆ. ನಿಮ್ಮ ಮಗಳು ಏಳುವ ಹೊತ್ತಿಗೆ ಇವಳು ಏಳುತ್ತಾಳೋ, ಅದಕ್ಕೂ ಎರಡು ತಾಸು ಮೊದಲೋ? ಊಟಕ್ಕೆ ಎಲ್ಲರೊಡನೆ ಕೂರುತ್ತಾಳೋ, ಎಲ್ಲರದಾದ ಮೇಲೋ? ಇವಳು ಮಲಗುವ ಜಾಗಕ್ಕೆ ಒಳಗಿನಿಂದ ಹಾಕಿಕೊಳ್ಳಲು ಚಿಲಕವಿದೆಯೇ? ಜ್ವರ ಬಂದರೆ ಎಷ್ಟು ದಿನ ಮಲಗಬಹುದು? ಊರಿಗೆ ಹೋಗಬೇಕೆನಿಸಿದರೆ ಯಾರನ್ನೂ ಕೇಳದೆ ಫೋನ್ ಮಾಡಬಲ್ಲಳೇ? ಉತ್ತರ ಹೇಳುವ ಮೊದಲೇ ಹಲವರ ಮುಖ ಬೇರೆ ಕಡೆ ತಿರುಗುತ್ತದೆ. ಪ್ರೀತಿಯಿಂದ ನೋಡಿಕೊಳ್ಳುತ್ತೇವೆ ಎಂಬ ಮಾತು ಸುಳ್ಳೇನೂ ಅಲ್ಲ. ಆದರೆ ಪ್ರೀತಿ ಮನೆಯವರ ಮರ್ಜಿಗೆ ಬಿಟ್ಟದ್ದು. ಮನೆಯೊಡತಿಯ ಬೆನ್ನುನೋವು, ಯಜಮಾನನ ನೌಕರಿಯ ಕಿರಿಕಿರಿ, ಕಾಣೆಯಾದ ಒಂದು ಉಂಗುರ, ಯಾವುದೊಂದು ಬಂದರೂ ಆ ಪ್ರೀತಿ ಬದಲಾಗಬಹುದು. ಬದಲಾದಾಗ ಆ ಮಗುವಿನ ಪರ ಹೊರಗಿನವರು ಒಬ್ಬರಾದರೂ ಇದ್ದಾರೆಯೇ ಎಂಬುದೇ ನನಗೆ ಮುಖ್ಯ.

ಇಲ್ಲಿ ನಮ್ಮವರ ಇನ್ನೊಂದು ಚರಿತ್ರೆ ನೆನಪಿಸಬೇಕು. ದಕ್ಷಿಣ ಕನ್ನಡ, ಉಡುಪಿ ಕಡೆಯಿಂದ ಮುಂಬಯಿಗೆ ಬಂದ ಹುಡುಗರ ಚರಿತ್ರೆ. ಕೋಟೆ (ಫೋರ್ಟ್), ಮಾಟುಂಗಾ, ದಾದರಗಳ ಉಡುಪಿ ಹೋಟೆಲುಗಳಲ್ಲಿ ಕಪ್ಪು ತೊಳೆದವರು, ಮೇಜು ಒರೆಸಿದವರು ಹತ್ತು ಹನ್ನೆರಡರ ಹುಡುಗರು. ನನ್ನ ಸೋದರಮಾವ ಅವರಲ್ಲೊಬ್ಬರು. ನಸುಕಿನಲ್ಲೆದ್ದು ಹಿಟ್ಟು ರುಬ್ಬುವುದು, ಮಧ್ಯಾಹ್ನದ ಗಿರಾಕಿಗಳ ನೂಕುನುಗ್ಗಲು, ಮ್ಯಾನೇಜರನ ಬೈಗುಳ, ಒಮ್ಮೊಮ್ಮೆ ಪೆಟ್ಟು. ಆ ಕಾಲವನ್ನು ನಾನು ಹೊಗಳುವುದಿಲ್ಲ, ಹತ್ತು ವರ್ಷದ ಹುಡುಗ ಹಿಟ್ಟು ರುಬ್ಬುವುದು ಆಗಲೂ ತಪ್ಪೇ. ಆದರೆ ಸಂಜೆಯಾದರೆ ಮಾವ ಕೈ ತೊಳೆದು, ಬೇರೆ ಅಂಗಿ ಹಾಕಿಕೊಂಡು, ರಾತ್ರಿಶಾಲೆಗೆ ಹೋಗುತ್ತಿದ್ದರು. ಅಲ್ಲಿ ಬೆಂಚಿನ ತುಂಬ ಅವರಂಥದೇ ಹುಡುಗರು. ಎಸ್‌ಎಸ್‌ಸಿ ಮುಗಿಸಿದರು, ಬ್ಯಾಂಕು ಸೇರಿದರು, ಕುರ್ಲಾದಲ್ಲಿ ಮನೆ ಮಾಡಿದರು. ಇಂಥವರು ಈ ನಗರದಲ್ಲಿ ಎಷ್ಟೋ ಜನ. ವಕೀಲರಾದವರು, ಉದ್ಯಮ ಕಟ್ಟಿದವರು ಇವರಲ್ಲಿದ್ದಾರೆ.

ಆ ರಾತ್ರಿಶಾಲೆಗಳು ಸರಕಾರ ತಾನಾಗಿ ತಂದುಕೊಟ್ಟವಲ್ಲ. 1902ರಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿ ರಾತ್ರಿಶಾಲೆ ತೆರೆಯಿತು. ಬಿಲ್ಲವರ ಅಸೋಸಿಯೇಶನ್ ಗುರುನಾರಾಯಣ ರಾತ್ರಿಶಾಲೆ ನಡೆಸಿತು. ಕೋಟೆ ಪ್ರದೇಶದಲ್ಲಿ ಕನ್ನಡದ ಉಚಿತ ರಾತ್ರಿ ಪ್ರೌಢಶಾಲೆ ಇತ್ತು. ದಿನವಿಡೀ ಆಫೀಸಿನಲ್ಲಿ ದುಡಿದ ಗುಮಾಸ್ತರು ಸಂಜೆ ಬಂದು ಪಾಠ ಮಾಡಿದರು. ಶಾಲೆಗೆ ಹೋಗುವ ಹುಡುಗನನ್ನು ಸಂಜೆ ಬಿಡಬೇಕು ಎಂಬುದು ಹಲವು ಹೋಟೆಲ್ ಮಾಲೀಕರಲ್ಲಿ ಒಂದು ಕಟ್ಟಳೆಯೇ ಆಯಿತು. ಬಿಡದ ಮಾಲೀಕನಿಗೆ ಜಾತಿಬಾಂಧವರ ಸಭೆಯಲ್ಲಿ ತಲೆತಗ್ಗಿಸುವ ಪ್ರಸಂಗ ಬರುತ್ತಿತ್ತು ಎಂದು ಮಾವ ಹೇಳುತ್ತಿದ್ದರು. ನಮ್ಮ ಹಿರಿಯರು ಮಾಡಿದ ದೊಡ್ಡ ಕೆಲಸಗಳಲ್ಲಿ ಇದನ್ನು ನಾನು ಮೊದಲು ಎಣಿಸುತ್ತೇನೆ.

ಹೋಟೆಲಿನ ಹುಡುಗನಿಗೆ ಸಿಕ್ಕಿದ್ದು ಮನೆಯ ಹುಡುಗಿಗೆ ಏಕೆ ಸಿಗಲಿಲ್ಲ? ಅವನು ನಾಲ್ಕು ಜನರ ಕಣ್ಣೆದುರು ನಿಂತು ದುಡಿದ. ಗಿರಾಕಿ ನೋಡಿದ, ಇನ್‌ಸ್ಪೆಕ್ಟರ್ ನೋಡಿದ, ಪತ್ರಿಕೆಯವರು ನೋಡಿದರು, ಸಂಘದವರು ಚಹಾ ಕುಡಿಯುವಾಗಲೇ ಅವನ ಹೆಸರು ಕೇಳಿದರು. ರಾತ್ರಿ ಅವನ ಪಕ್ಕ ಹತ್ತು ಹುಡುಗರು ಮಲಗಿದ್ದರು, ಕಷ್ಟವಾದರೆ ಹೇಳಿಕೊಳ್ಳಲು ಜೊತೆಗಾರರಿದ್ದರು. ಅಡುಗೆಮನೆಯ ಹುಡುಗಿಯನ್ನು ನೋಡುವವರು ಆ ಮನೆಯವರು ಮಾತ್ರ. ಈಗ ಸೊಸೈಟಿಯ ಗೇಟಿನಲ್ಲಿ ಬಂದುಹೋಗುವ ಕೆಲಸದವರಿಗೆ ಪಾಸು, ಫೋಟೋ, ಪೊಲೀಸ್ ಪರಿಶೀಲನೆಯ ಫಾರ್ಮು ಎಲ್ಲ ಉಂಟು. ಒಳಗೇ ಇರುವ ಹುಡುಗಿಯ ಹೆಸರು ಆ ರಿಜಿಸ್ಟರಿನಲ್ಲಿ ಇಲ್ಲ, ಅವಳು "ನೆಂಟರ ಹುಡುಗಿ". ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ 2012ರ ಅಂದಾಜಿನಲ್ಲಿ ಜಗತ್ತಿನಲ್ಲಿ 1.72 ಕೋಟಿ ಮಕ್ಕಳು ಪರರ ಮನೆಗಳಲ್ಲಿ ಗೃಹಕೆಲಸದಲ್ಲಿದ್ದಾರೆ ಎಂದಿತು. ಅವರಲ್ಲಿ ಮೂರರಲ್ಲಿ ಎರಡು ಪಾಲು ಹೆಣ್ಣುಮಕ್ಕಳು. ಮನೆಯೊಳಗೆ ಹೋಗಿ ಎಣಿಸುವುದು ಎಂಥ ಕಷ್ಟವೆಂದು ನೆನೆದರೆ ಆ ಲೆಕ್ಕಕ್ಕೆ ಸಿಗದವರು ಇನ್ನೆಷ್ಟೋ ಎನಿಸುತ್ತದೆ.

ಈ ನಗರ ಒಮ್ಮೆ ಬೆಚ್ಚಿಬಿದ್ದದ್ದುಂಟು. 2006ರ ಜೂನ್‌ನಲ್ಲಿ ಅಂಧೇರಿಯ ಲೋಖಂಡವಾಲಾದ ಫ್ಲ್ಯಾಟೊಂದರಲ್ಲಿ ಕೆಲಸಕ್ಕಿದ್ದ ಹತ್ತು ವರ್ಷದ ಹುಡುಗಿ ಸತ್ತಳು. ಮನೆಯೊಡತಿಯ ಲಿಪ್‌ಸ್ಟಿಕ್ ಹಚ್ಚಿಕೊಂಡಳೆಂದು ಹೊಡೆದರು ಎಂಬ ಆರೋಪ ಪತ್ರಿಕೆಗಳಲ್ಲಿ ಬಂತು. ಅದೇ ವರ್ಷ ಅಕ್ಟೋಬರ್ 10ರಿಂದ ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಮನೆಗೆಲಸಕ್ಕೂ ಹೋಟೆಲು ಢಾಬಾಗಳಿಗೂ ಇಟ್ಟುಕೊಳ್ಳುವುದು ದೇಶದಾದ್ಯಂತ ನಿಷೇಧವಾಯಿತು. ಬಾಲಕಾರ್ಮಿಕ ಕಾಯ್ದೆಯ 2016ರ ತಿದ್ದುಪಡಿಯಲ್ಲಿ ಹದಿನಾಲ್ಕರೊಳಗಿನವರಿಗೆ ಎಲ್ಲ ಉದ್ಯೋಗವೂ ನಿಷಿದ್ಧ. ತಪ್ಪಿದರೆ ಆರು ತಿಂಗಳಿಂದ ಎರಡು ವರ್ಷದವರೆಗೆ ಸಜೆ, ಇಲ್ಲವೆ 20,000ದಿಂದ 50,000 ರೂಪಾಯಿ ದಂಡ, ಅಥವಾ ಎರಡೂ. ವಾರಂಟ್ ಇಲ್ಲದೆ ಪೊಲೀಸರು ಬಂಧಿಸಬಹುದಾದ ಅಪರಾಧ ಇದು.

ಸಂಬಂಧಿಕಳು ಎನ್ನುವವರು ಆ ಕಾಯ್ದೆಯನ್ನು ಇನ್ನೊಮ್ಮೆ ಓದಬೇಕು. ಮಗು ತನ್ನ ಕುಟುಂಬಕ್ಕೆ ನೆರವಾಗಬಹುದು, ಅದೂ ಶಾಲೆಯ ಹೊತ್ತಿನ ನಂತರ ಅಥವಾ ರಜೆಯಲ್ಲಿ, ಓದಿಗೆ ತೊಡಕಾಗದಂತೆ ಎಂದಿದೆ. ಕುಟುಂಬ ಎಂದರೆ ಯಾರು ಎಂದೂ ಬರೆದಿದೆ. ತಾಯಿ, ತಂದೆ, ಒಡಹುಟ್ಟಿದವರು, ತಂದೆಯ ಮತ್ತು ತಾಯಿಯ ಒಡಹುಟ್ಟಿದವರು. ಅಲ್ಲಿಗೆ ಪಟ್ಟಿ ಮುಗಿಯಿತು. ಅತ್ತೆಯ ತವರಿನ ಕಡೆಯ ದೂರದ ನೆಂಟರ ಮಗಳು ಆ ಪಟ್ಟಿಯಲ್ಲಿಲ್ಲ. ಸ್ವಂತ ಚಿಕ್ಕಮ್ಮನೇ ಆದರೂ ಮಗುವನ್ನು ಶಾಲೆ ಬಿಡಿಸಿ ಮನೆಯಲ್ಲಿ ದುಡಿಸುವಂತಿಲ್ಲ.

ಹದಿನಾಲ್ಕು ತುಂಬಿ ಹದಿನೆಂಟು ತುಂಬದವಳ ಪಾಡು ಇನ್ನೂ ತೊಡಕಿನದು. ಗಣಿ, ಸ್ಫೋಟಕ, ಅಪಾಯಕಾರಿ ಕಾರ್ಖಾನೆಗಳಿಗೆ ಅವಳನ್ನು ಕಳಿಸುವಂತಿಲ್ಲ, ಆದರೆ ಮನೆಗೆಲಸಕ್ಕೆ ಅಡ್ಡಿಯಿಲ್ಲ. ಈ ವಯಸ್ಸಿನವರನ್ನು ದಿನಕ್ಕೆ ವಿರಾಮವೂ ಸೇರಿ ಆರು ತಾಸಿಗಿಂತ ಹೆಚ್ಚು ದುಡಿಸಬಾರದು, ಸಂಜೆ ಏಳರಿಂದ ಬೆಳಗ್ಗೆ ಎಂಟರವರೆಗೆ ಕೆಲಸ ಕೂಡದು, ವಾರಕ್ಕೊಂದು ರಜೆ ಬೇಕು ಎಂದು ಅದೇ ಕಾಯ್ದೆ ಹೇಳುತ್ತದೆ. ಹೇಳುವುದು ಅಂಗಡಿ, ಕಾರ್ಯಾಗಾರ, ಹೊಲ, ಹೋಟೆಲು, ಚಿತ್ರಮಂದಿರಗಳ ಹೆಸರು ಹಿಡಿದು. ಮನೆಯ ಹೆಸರು ಅಲ್ಲಿಲ್ಲ. ಮಹಾರಾಷ್ಟ್ರ 2008ರಲ್ಲೇ ಗೃಹಕಾರ್ಮಿಕರ ಕಲ್ಯಾಣ ಮಂಡಳಿಗೆ ಕಾನೂನು ಮಾಡಿತು, ಅದರಲ್ಲಿ ನೋಂದಣಿಗೆ ಹದಿನೆಂಟು ತುಂಬಿರಬೇಕು. ಕರ್ನಾಟಕ 2004ರಲ್ಲಿ ಮನೆಗೆಲಸಕ್ಕೆ ಕನಿಷ್ಠ ವೇತನ ಗೊತ್ತುಮಾಡಿತು, ಅದು ಮುಂಬಯಿಗೆ ಬಂದ ಕನ್ನಡದ ಹುಡುಗಿಗೆ ಲಾಗೂ ಆಗುವುದಿಲ್ಲ. ಗೃಹಕಾರ್ಮಿಕರಿಗಾಗಿ 2011ರಲ್ಲಿ ಆದ ಅಂತಾರಾಷ್ಟ್ರೀಯ ಒಡಂಬಡಿಕೆಯ ಪರ ಭಾರತ ಮತ ಹಾಕಿತು, ಅನುಮೋದಿಸಲಿಲ್ಲ. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಗೃಹಕಾರ್ಮಿಕರಿಗೆ ಕಾನೂನಿನ ಚೌಕಟ್ಟು ಬೇಕೇ ಎಂದು ಪರಿಶೀಲಿಸಲು ಸಮಿತಿ ರಚಿಸುವಂತೆ ಕೇಂದ್ರಕ್ಕೆ ಹೇಳಬೇಕಾಯಿತು.

ಇಂಥ ಕಾನೂನು ಮಾಡುವುದು ಸಾಧ್ಯವಿಲ್ಲದ ಕೆಲಸವೇನಲ್ಲ. ಲಕ್ಷಾಂತರ ಹೆಂಗಸರನ್ನು ಮನೆಗೆಲಸಕ್ಕಾಗಿ ಹೊರದೇಶಗಳಿಗೆ ಕಳಿಸುವ ಫಿಲಿಪ್ಪೀನ್ಸ್ 2013ರಲ್ಲಿ ತನ್ನ ಮನೆಗಳೊಳಗಿನ ಕೆಲಸದವರಿಗೆ ಕಾನೂನು ಮಾಡಿತು. ಹದಿನೈದರೊಳಗೆ ಯಾರನ್ನೂ ಇಟ್ಟುಕೊಳ್ಳುವಂತಿಲ್ಲ. ಸಂಬಳವನ್ನು ತಿಂಗಳಿಗೊಮ್ಮೆಯಾದರೂ ಕೆಲಸದವರ ಕೈಗೇ ಕೊಡಬೇಕು. ಓದು ಮುಗಿಸಲು ಅವಕಾಶ ಕೊಡಬೇಕು. ಲಿಖಿತ ಕರಾರು ಬೇಕು.

ನಮ್ಮಲ್ಲಿ ಹೊಸ ಕಾನೂನು ಬರುವವರೆಗೂ ಇರುವ ಕಾನೂನು ಏನೂ ಇಲ್ಲವೆಂದಲ್ಲ. 2015ರ ಬಾಲನ್ಯಾಯ ಕಾಯ್ದೆಯ 79ನೇ ಕಲಮು ಹದಿನೆಂಟರೊಳಗಿನ ಎಲ್ಲರಿಗೂ ಅನ್ವಯ. ಮಗುವನ್ನು ಕೆಲಸಕ್ಕಾಗಿ ಬಂಧನದಲ್ಲಿಟ್ಟರೆ, ಅದರ ಗಳಿಕೆಯನ್ನು ತಡೆಹಿಡಿದರೆ, ಸ್ವಂತಕ್ಕೆ ಬಳಸಿಕೊಂಡರೆ ಐದು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷ ರೂಪಾಯಿ ದಂಡ. "ಸಂಬಳ ನಮ್ಮ ಹತ್ತಿರವೇ ಇರಲಿ, ಮದುವೆಗೆ ಚಿನ್ನ ಹಾಕುತ್ತೇವೆ" ಎನ್ನುವ ಮನೆಗಳು ಈ ಕಲಮನ್ನು ತಿಳಿದಿರುವುದು ಒಳ್ಳೆಯದು.

ಊರಲ್ಲಿದ್ದರೆ ಹೊಟ್ಟೆಗಿಲ್ಲ, ಇಲ್ಲಿ ಮೂರು ಹೊತ್ತು ಊಟವಾದರೂ ಇದೆ ಎಂಬ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ಕುಡುಕ ಅಪ್ಪ, ಸತ್ತುಹೋದ ತಾಯಿ, ತಲೆಯ ಮೇಲಿನ ಸಾಲ, ಇವೆಲ್ಲ ನಿಜ. ಆದರೆ ಈ ವಾದ ಮಾಡುವವರ ಮನಸ್ಸಿನಲ್ಲಿರುವುದು ತಾವು ಬಿಟ್ಟುಬಂದ ಕಾಲದ ಊರು. ಕರ್ನಾಟಕದ ಶಾಲೆಗಳಲ್ಲಿ 2002ರಿಂದ ಅಕ್ಷರ ದಾಸೋಹದ ಬಿಸಿಯೂಟ ಇದೆ, ಮೊದಲು ಶುರುವಾದದ್ದೇ ರಾಜ್ಯದ ಈಶಾನ್ಯದ ಬರದ ಜಿಲ್ಲೆಗಳಲ್ಲಿ. ಶಾಲೆ ಬಿಟ್ಟ ಹೆಣ್ಣುಮಕ್ಕಳಿಗೆಂದೇ 2004ರಿಂದ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯಗಳಿವೆ, ಉಳಿಯಲು ಹಾಸಿಗೆ ಸಹಿತ. ಒಂದು ಕುಟುಂಬಕ್ಕೆ ಉಪಕಾರ ಮಾಡುವ ಮನಸ್ಸು ನಿಜವಾಗಿದ್ದರೆ ಮಗುವನ್ನು ಅಂಥ ಕಡೆ ಸೇರಿಸಿ, ತಿಂಗಳಿಗಿಷ್ಟು ಎಂದು ತಾಯಿಯ ಖಾತೆಗೆ ಕಳಿಸಬಹುದು. ಉಪಕಾರಕ್ಕೆ ಪ್ರತಿಯಾಗಿ ಪಾತ್ರೆ ತೊಳೆಸಿಕೊಳ್ಳಬೇಕೆಂದೇನೂ ಇಲ್ಲ.

ಇನ್ನು ಈಗಾಗಲೇ ಮನೆಯಲ್ಲಿ ಹುಡುಗಿಯನ್ನು ಇಟ್ಟುಕೊಂಡವರಿಗೆ ಒಂದು ಮಾತು. ಹದಿನಾಲ್ಕರೊಳಗಿನವಳಾದರೆ ಹೆದರಿಕೊಂಡು ರಾತ್ರೋರಾತ್ರಿ ರೈಲು ಹತ್ತಿಸಬೇಡಿ. ಕೈಯಲ್ಲಿ ಒಂದು ಚೀಲ ಕೊಟ್ಟು ಕಳಿಸಿದ ಮಗು ಊರಿನ ಯಾವುದೋ ದಲ್ಲಾಳಿಯ ಕೈಗೆ ಸಿಕ್ಕು ಇನ್ನೊಂದು ಮನೆಗೆ ಬೀಳುತ್ತದೆ. ತಂದೆತಾಯಿಯನ್ನು ಕರೆಸಿ, ದುಡಿಸಿಕೊಂಡಷ್ಟು ದಿನದ ಪೂರ್ತಿ ಸಂಬಳ ಕೊಡಿ, ಶಾಲೆಗೆ ಸೇರಿದ ದಾಖಲೆ ಕೇಳಿ. ಮಕ್ಕಳ ಕಲ್ಯಾಣ ಸಮಿತಿಯ ಎದುರು ಹೋಗಲು ಹಿಂಜರಿಯಬೇಡಿ. ಡೋಂಗ್ರಿಗೋ ಮಾನ್‌ಖುರ್ದಿನ ಬಾಲಗೃಹಕ್ಕೋ ಹಾಕಿಬಿಡುತ್ತಾರೆ ಎಂಬ ಭಯ ಜನರಲ್ಲಿದೆ. ತಡವಾಗುತ್ತದೆ, ಓಡಾಟವಿರುತ್ತದೆ, ಅದು ನಿಜ. ಆದರೂ ಅಲ್ಲಿ ಮಗುವಿನ ಹೆಸರು ಒಂದು ಕಾಗದದ ಮೇಲೆ ಬರುತ್ತದೆ, ಅದು ಎಲ್ಲಿದೆ ಎಂದು ಕೇಳುವ ಅಧಿಕಾರ ಒಬ್ಬರಿಗೆ ಹುಟ್ಟುತ್ತದೆ.

ಹದಿನಾಲ್ಕು ದಾಟಿದವಳಾದರೆ ಅವಳ ಹೆಸರಿನಲ್ಲಿ ಬ್ಯಾಂಕ್ ಖಾತೆ ತೆರೆಯಿರಿ, ಪಾಸ್‌ಬುಕ್ ಅವಳ ಬಳಿಯೇ ಇರಲಿ. ಭಾನುವಾರ ಅವಳದು. ರಾತ್ರಿ ಅವಳ ಕೋಣೆಗೆ ಚಿಲಕವಿರಲಿ, ಕೋಣೆ ಇಲ್ಲದ ಮನೆಯವರು ಮನೆಯಲ್ಲಿ ಹುಡುಗಿಯನ್ನು ಇಟ್ಟುಕೊಳ್ಳುವ ಯೋಚನೆಯನ್ನೇ ಬಿಡಲಿ. ಮಹಾರಾಷ್ಟ್ರದಲ್ಲಿ 17 ನಂಬರಿನ ಫಾರ್ಮು ತುಂಬಿ ಖಾಸಗಿಯಾಗಿ ಎಸ್‌ಎಸ್‌ಸಿಗೆ ಕೂರಬಹುದು, ರಾಷ್ಟ್ರೀಯ ಮುಕ್ತ ಶಾಲೆಯಲ್ಲೂ ಹೆಸರು ಹಚ್ಚಬಹುದು. ದಿನಕ್ಕೆ ಎರಡು ತಾಸು ಓದಲು ಬಿಡಿ. ಬಿಡಲಾಗದಷ್ಟು ಕೆಲಸ ಮನೆಯಲ್ಲಿದ್ದರೆ ವಯಸ್ಕ ಹೆಂಗಸೊಬ್ಬರನ್ನು ತಕ್ಕ ಸಂಬಳಕ್ಕೆ ಇಟ್ಟುಕೊಳ್ಳಿ.

ಬೆಳಗ್ಗೆ ಬಂದು ಹೋಗುವ ತಾಯಂದಿರ ವಿಚಾರದಲ್ಲಿ ಮಾಡಬೇಕಾದದ್ದು ಇನ್ನೂ ಸರಳ, ಪರಿಣಾಮ ಇನ್ನೂ ದೊಡ್ಡದು. ಜ್ವರ ಬಂದವಳಿಗೆ ಸಂಬಳ ಹಿಡಿಯದೆ ರಜೆ ಕೊಡಿ. ಬದಲಿಗೆ ಮಗಳು ಬಂದರೆ ಬಾಗಿಲಲ್ಲೇ ನಿಲ್ಲಿಸಿ, ಶಾಲೆಗೆ ಹೋಗು ಎನ್ನಿ. ಆ ಹದಿನೈದು ದಿನ ನಮ್ಮ ಪಾತ್ರೆ ನಾವೇ ತೊಳೆಯೋಣ. ನನ್ನ ತರಗತಿಯಿಂದ ಹೋದ ಹುಡುಗಿಯರಲ್ಲಿ ಬಹುಪಾಲು ಜನ ಹೋದದ್ದು ಇಂಥ ಹದಿನೈದು ದಿನಗಳಿಂದಲೇ. ತಾಯಿ ದುಡಿಯುವ ಮೂರು ಮನೆಯವರು ಆ ಎರಡು ವಾರದ ಸಂಬಳ ಕೊಟ್ಟಿದ್ದರೆ ಆ ಮಕ್ಕಳು ಎಂಟನೇ ಇಯತ್ತೆಗೆ ಬರುತ್ತಿದ್ದರು.

ನೆರೆಮನೆಯಲ್ಲಿ ಮಗು ದುಡಿಯುತ್ತಿರುವುದು ಕಂಡರೆ 1098 ಒತ್ತಿ. ಈ ಸಹಾಯವಾಣಿ ಹುಟ್ಟಿದ್ದು ಇದೇ ನಗರದಲ್ಲಿ, 1996ರಲ್ಲಿ, ದೇವನಾರದ ಟಾಟಾ ಸಮಾಜವಿಜ್ಞಾನ ಸಂಸ್ಥೆಯ ಯೋಜನೆಯಾಗಿ. ಕರೆ ಉಚಿತ, ಹಗಲು ರಾತ್ರಿ ಎತ್ತುತ್ತಾರೆ, ನಿಮ್ಮ ಹೆಸರು ಹೇಳಲೇಬೇಕೆಂದಿಲ್ಲ.

ನನ್ನ ದೊಡ್ಡ ಬೇಡಿಕೆ ನಮ್ಮ ಸಂಘಗಳ ಮುಂದೆ. ಪ್ರತಿ ವರ್ಷ ನಮ್ಮ ಸಭಾಗೃಹಗಳಲ್ಲಿ ಪುಸ್ತಕ ವಿತರಣೆ, ವಿದ್ಯಾರ್ಥಿವೇತನ, ಪ್ರತಿಭಾ ಪುರಸ್ಕಾರ ನಡೆಯುತ್ತವೆ. ವೇದಿಕೆಯ ಮೇಲೆ ರಾತ್ರಿಶಾಲೆಯಲ್ಲಿ ಓದಿ ದೊಡ್ಡವರಾದವರು ಕೂತು ಆ ದಿನಗಳನ್ನು ನೆನೆಯುತ್ತಾರೆ, ನಾವೆಲ್ಲ ಹೆಮ್ಮೆಯಿಂದ ಕೇಳುತ್ತೇವೆ. ಆ ಶಾಲೆಗಳು ಕಟ್ಟಲ್ಪಟ್ಟಾಗ ಹಣವೂ ಕಡಿಮೆ, ಜನವೂ ಕಡಿಮೆ. ಈಗ ಹಣವಿದೆ, ಕಟ್ಟಡವಿದೆ, ಭಾನುವಾರ ಮಧ್ಯಾಹ್ನ ಖಾಲಿ ಇರುವ ಕೋಣೆಗಳಿವೆ, ನನ್ನಂಥ ನಿವೃತ್ತ ಶಿಕ್ಷಕಿಯರಿದ್ದಾರೆ. ಪದಾಧಿಕಾರಿಗಳು ಮೊದಲು ತಮ್ಮ ಮನೆಗಳಲ್ಲಿ ಹದಿನಾಲ್ಕರೊಳಗಿನ ಮಗು ಕೆಲಸಕ್ಕಿಲ್ಲ ಎಂದು ಬರೆದುಕೊಡಲಿ. ಸದಸ್ಯರ ಮನೆಗಳಲ್ಲಿರುವ ದೊಡ್ಡ ಹುಡುಗಿಯರ ಹೆಸರು ಬರೆಸಿಕೊಂಡು ಭಾನುವಾರದ ತರಗತಿ ತೆರೆಯಲಿ. ಪರೀಕ್ಷೆಯ ಶುಲ್ಕ ವಿದ್ಯಾರ್ಥಿವೇತನದ ನಿಧಿಯಿಂದ ಬರಲಿ. ಈ ವರ್ಷದ ವಾರ್ಷಿಕ ಮಹಾಸಭೆಯ ವಿಷಯಪಟ್ಟಿಯಲ್ಲಿ ಇದನ್ನು ಸೇರಿಸಬೇಕೆಂದು ನಿಮ್ಮ ಸಂಘದ ಕಾರ್ಯದರ್ಶಿಗೆ ಪತ್ರ ಬರೆಯಿರಿ. ಪಾಠ ಹೇಳಲು ಜನ ಬೇಕೆಂದರೆ ನಾನು ಬರುತ್ತೇನೆ.